ಚಿಕ್ಕತಾಯಮ್ಮನವರ ಪಥ್ಯ

ಯಾರೇ ಬಂದು ಏನೇ ಕಷ್ಟ ಹೇಳಿಕೊಂಡರೂ ಚಿಕ್ಕತಾಯಮ್ಮನವರು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ನಿನ್ನೆ ಏನ್ ಉಂಡೆ?” ತಲೆನೋವು ಅಂದವರಿಗೂ ಅದೇ, ಮಗ ಪಿಯುಸಿಯಲ್ಲಿ ಫೇಲಾದ ಅಂದವರಿಗೂ ಅದೇ. ಒಮ್ಮೆ ಕರೆಂಟು ಬಿಲ್ಲು ಕೊಡಲು ಬಂದವನು ಬಿಸಿಲಿಗೆ ಸುಸ್ತಾಗಿ ಅವರ ಮೆಟ್ಟಿಲ ಮೇಲೆ ಕೂತ. ನೀರು ಕೊಡುವ ಮೊದಲು ಅವನ ಹಿಂದಿನ ದಿನದ ಊಟ ತಿಂಡಿಯ ವಿವರವೆಲ್ಲ ತೆಗೆದುಕೊಂಡರು. ಅವನು ತಳ್ಳುಗಾಡಿಯ ಗೋಬಿ ತಿಂದಿದ್ದ ಅಂತ ಗೊತ್ತಾದ ಮೇಲೆ “ಅಂಗನ್ನು ಮತ್ತೆ” ಅಂದು, ಸಮಾಧಾನವಾಗಿ ಒಳಗೆ ಹೋಗಿ ಮಜ್ಜಿಗೆ ತಂದರು.

ತುಮಕೂರಿನ ಶಿರಾ ಗೇಟಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಅವರ ಮನೆ. ಕೆಳಗೆ ಅವರು, ಮೇಲೆ ಬಾಡಿಗೆಗೆ ಎರಡು ಸಣ್ಣ ಪೋರ್ಷನ್. ಗಂಡ ಅಕ್ಕಿ ಗಿರಣಿಯಲ್ಲಿ ರೈಟರ್ ಆಗಿದ್ದವರು, ನಾನು ಆ ಮನೆಗೆ ಬರುವ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಕುಣಿಗಲ್‌ನಲ್ಲಿ ಅಕ್ಕ ದೊಡ್ಡತಾಯಮ್ಮ ಇದ್ದರು. ನೈಟಿಯ ಮೇಲೊಂದು ಟವಲ್ ಹೊದ್ದು, ಬೆಳಿಗ್ಗೆ ಗೇಟಿನ ಹತ್ತಿರ ನಿಂತರೆ ಬೀದಿಯ ಆಗುಹೋಗು ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಯಾರ ಮನೆಯಲ್ಲಿ ಒಗ್ಗರಣೆ ಸೀದಿದೆ ಅನ್ನುವುದು ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ನಾನು ಗುಬ್ಬಿ ತಾಲ್ಲೂಕು ಸಿ.ಎಸ್. ಪುರದ ಹತ್ತಿರದ ಹಳ್ಳಿಯವಳು. ಡಿ.ಎಡ್ ಮುಗಿಸಿದ ಮೇಲೆ ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಅಪ್ಪನ ಜೊತೆ ಬಾಡಿಗೆ ಮನೆ ಹುಡುಕುತ್ತ ಚಿಕ್ಕತಾಯಮ್ಮನವರ ಬಾಗಿಲಿಗೆ ಬಂದೆ. ಎರಡೂ ಕೈಯನ್ನು ವೇಲಿನೊಳಗೆ ಮುಚ್ಚಿಟ್ಟುಕೊಂಡಿದ್ದೆ. ಅವರು ಅಪ್ಪನ ಮಾತಿನ ನಡುವೆಯೇ ನನ್ನ ಕಡೆ ತಿರುಗಿದರು.

“ಕೈಗೇನಾಗೈತೆ? ತೋರ್ಸು.”

ತೋರಿಸಿದೆ. “ಇಸುಬು ಆಂಟಿ.”

“ಅಂಟೋದಾ?”

“ಇಲ್ಲ. ಅಂಟಲ್ಲ ಅಂತ ಡಾಕ್ಟ್ರು ಹೇಳಿದಾರೆ.”

“ಸರಿ ಬುಡು” ಅಂದವರು ಅಪ್ಪನ ಕಡೆ ತಿರುಗಿ, “ಮೋಟ್ರು ಬೆಳಿಗ್ಗೆ ಒಂದ್ಸಲ ಹಾಕ್ತೀನಿ, ನೀರು ನೋಡ್ಕಂಡು ಬಳಸ್ಬೇಕು” ಅಂದರು.

ಆ ಪ್ರಶ್ನೆಯಿಂದ ನನಗೆ ಬೇಜಾರಾಗಲಿಲ್ಲ. ಅಲ್ಲಿಯವರೆಗೆ ನನ್ನ ಕೈ ನೋಡಿದವರು ಒಂದೋ ಮುಖ ತಿರುಗಿಸುತ್ತಿದ್ದರು, ಇಲ್ಲ ನೋಡಿಯೂ ನೋಡದವರಂತೆ ಇರುತ್ತಿದ್ದರು. ಕೇಳಬೇಕಾದ್ದನ್ನು ನೇರವಾಗಿ ಕೇಳಿ, ಹೇಳಿದ್ದನ್ನು ನಂಬಿ, ಮುಂದಿನ ಮಾತಿಗೆ ಹೋದವರು ಇವರೊಬ್ಬರೇ.

ಇಸುಬು ನನಗೆ ಹೈಸ್ಕೂಲಿನಿಂದ ಇತ್ತು. ಮೊಣಕೈ ಮಡಿಕೆಯಲ್ಲಿ ಶುರುವಾದದ್ದು ಕಾಲೇಜಿಗೆ ಬರುವ ಹೊತ್ತಿಗೆ ಮಣಿಕಟ್ಟಿಗೆ, ಬೆರಳ ಸಂದಿಗಳಿಗೆ ಇಳಿದಿತ್ತು. ಚಳಿಗಾಲದಲ್ಲಿ ಚರ್ಮ ಒಣಗಿ ಬಿರಿಯುತ್ತಿತ್ತು. ಬೇಸಿಗೆಯಲ್ಲಿ ಬೆವರು ತಾಗಿ ನವೆ ಏಳುತ್ತಿತ್ತು. ಕೆರೆದರೆ ನೀರು ಒಸರುತ್ತಿತ್ತು, ಕೆರೆಯದಿದ್ದರೆ ತಲೆ ಕೆಡುತ್ತಿತ್ತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಟ್ಯೂಬು ಹಚ್ಚಿದರೆ ಸ್ವಲ್ಪ ದಿನ ಸುಮ್ಮನಿದ್ದು, ನಿಲ್ಲಿಸಿದ ಕೂಡಲೇ ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಹೀಗೇ ಇರುತ್ತೇನೆ ಅಂತ ಒಪ್ಪಿಕೊಂಡು ಉದ್ದ ತೋಳಿನ ಚೂಡಿದಾರ ಹೊಲಿಸಿಕೊಳ್ಳುತ್ತಿದ್ದೆ.

ಶಾಲೆ ಸೇರಿದ ವರ್ಷ ದೀಪಾವಳಿ ಕಳೆದ ಮೇಲೆ ಅದು ವಿಪರೀತವಾಯಿತು. ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದೆ. ಅಳುತ್ತಿದ್ದ ಒಂದು ಮಗು ನನ್ನ ಬೆರಳು ಹಿಡಿದುಕೊಂಡಿತ್ತು. ಅದರ ತಾಯಿ ಆ ಬೆರಳು ನೋಡಿದವಳೇ ಮಗುವಿನ ಕೈ ಬಿಡಿಸಿ, ತನ್ನ ಸೆರಗಿನಿಂದ ಒರೆಸಿ, “ಬೇರೆ ಮಿಸ್ ಇಲ್ವಾ?” ಎಂದು ಆಯಾಳನ್ನು ಕೇಳಿದಳು. ನನ್ನನ್ನು ಕೇಳಲಿಲ್ಲ. ಮಧ್ಯಾಹ್ನ ಹೆಡ್ ಮೇಡಂ ಕರೆಸಿದರು.

“ಮಂಜುಳಾ, ಅದು ಅಂಟಲ್ಲ ಅಂತ ನನಗೆ ಗೊತ್ತು. ಆದ್ರೆ ಪೇರೆಂಟ್ಸ್‌ಗೆ ನಾನು ಏನ್ ಹೇಳ್ಲಿ? ಸ್ವಲ್ಪ ದಿನ ಆಫೀಸಲ್ಲಿ ಕೂತ್ಕೊಳ್ಳಿ. ವಾಸಿಯಾದ ಮೇಲೆ ಕ್ಲಾಸಿನ ವಿಚಾರ ನೋಡೋಣ.”

ವಾಸಿಯಾಗದಿದ್ದರೆ ಏನು ಎಂದು ಯೋಚಿಸುತ್ತ ಹೋಗಿ ಆಫೀಸಿನಲ್ಲಿ ಕೂತೆ.

ಸಂಜೆ ಮನೆಗೆ ಬಂದಾಗ ಚಿಕ್ಕತಾಯಮ್ಮನವರು ಮೆಟ್ಟಿಲ ಬುಡದಲ್ಲೇ ತಡೆದು ಏನಾಯಿತು ಅಂದರು. ಹೇಳಿದೆ. ಆ ದಿನ ಅವರು ಊಟದ ವಿಚಾರ ಎತ್ತಲಿಲ್ಲ. “ಬೆಳಿಗ್ಗೆ ನಾನೂ ಬತ್ತೀನಿ” ಅಂದರು. ಬೇಡ ಅಂದರೂ ಕೇಳದೆ, ಮದುವೆ ಮನೆಗೆ ಉಡುವ ರೇಷ್ಮೆ ಸೀರೆ ಉಟ್ಟು, ನನಗಿಂತ ಮೊದಲೇ ಆಟೋ ನಿಲ್ಲಿಸಿಕೊಂಡಿದ್ದರು.

ಹೆಡ್ ಮೇಡಂ ಎದುರು ಕೂತು ಅವರು ನನ್ನ ಕೈಯನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ನೋಡಿ ಮೇಡಂ, ಈ ಹುಡ್ಗಿ ಕೈಲಿ ವಾರ ವಾರ ತಲೆಗೆ ಎಣ್ಣೆ ಹಚ್ಚಿಸ್ಕಂತೀನಿ. ಇವ್ಳು ಕಟ್ಟಿದ ಮುದ್ದೆ ಉಣ್ತೀನಿ. ನನ್ ಮೈ ನೋಡಿ, ಎಲ್ಲಾನ ಏನಾನ ಐತಾ?” ಎಂದು ಎರಡೂ ತೋಳು ಚಾಚಿದರು.

“ನನ್ನ ನಂಬಿಸೋದು ಬೇಡಮ್ಮ. ನಂಬಬೇಕಾದವರು ಗೇಟಿನ ಆಚೆ ಇದಾರೆ” ಎಂದರು ಮೇಡಂ. ಗಡಸಾಗೇನೂ ಹೇಳಲಿಲ್ಲ. ಕೆಲಸವಾಗಲಿಲ್ಲ. ಹೊರಗೆ ಬಂದ ಮೇಲೆ ಚಿಕ್ಕತಾಯಮ್ಮನವರು ನನ್ನ ಕಡೆ ತಿರುಗಿದರು.

“ಆಯಮ್ಮಂದೂ ತಪ್ಪಿಲ್ಲ ಕಣೇ. ಮೊದ್ಲು ಕೈ ವಾಸಿ ಮಾಡ್ಕಳಾಣ. ಆಮ್ಯಾಕೆ ಮಾತು.”

ಅವರು ಹೇಳಿದ ಎಣ್ಣೆಯ ಮಾತು ಸುಳ್ಳು. ನಾನು ಅವರ ತಲೆ ಮುಟ್ಟಿಯೇ ಇರಲಿಲ್ಲ. ಮುಂದಿನ ಭಾನುವಾರ ಎಣ್ಣೆಯ ಬಟ್ಟಲು ಹಿಡಿದು ಮೇಲೆ ಬಂದರು. “ಹಚ್ಚು. ಆಡಿದ ಮಾತು ಸುಳ್ಳಾಗ್ಬಾರ್ದು” ಅಂದು ಮೆಟ್ಟಿಲ ಮೇಲೆ ಬೆನ್ನು ಕೊಟ್ಟು ಕೂತರು. ನಾನು ಆ ಮನೆಯಲ್ಲಿ ಇರುವವರೆಗೂ ಅದು ನಡೆಯಿತು.

ವಾಸಿ ಮಾಡುವ ಮೊದಲ ಪ್ರಯತ್ನ ಎಡವಟ್ಟಾಯಿತು. ಹತ್ತಿರದ ಕೋರ ಅನ್ನುವ ಊರಿನ ಕಡೆಯಿಂದ ಸೊಪ್ಪು ಮಾರಲು ಬರುತ್ತಿದ್ದ ಹೆಂಗಸೊಬ್ಬಳು, ಬೇವಿನ ಸೊಪ್ಪಿನ ಜೊತೆ ಹಸಿ ಬೆಳ್ಳುಳ್ಳಿ ಅರೆದು ನಿಂಬೆರಸ ಸೇರಿಸಿ ಹಚ್ಚಿದರೆ ಎಂಥಾ ಇಸುಬೂ ನಿಲ್ಲುವುದಿಲ್ಲ ಅಂದಳಂತೆ. ಚಿಕ್ಕತಾಯಮ್ಮನವರು ಒರಳಿನಲ್ಲಿ ಅರೆದು ತಾವೇ ಹಚ್ಚಿದರು. ಬೆಂಕಿ ಇಟ್ಟ ಹಾಗಾಯಿತು. “ತಡ್ಕ. ಉರೀತೈತೆ ಅಂದ್ರೆ ಕೆಲ್ಸ ಮಾಡ್ತೈತೆ ಅಂತ” ಅಂದರು. ನಾನು ತಡೆದುಕೊಂಡೆ. ಮಾರನೆಯ ಬೆಳಿಗ್ಗೆ ಮಣಿಕಟ್ಟಿನ ಸುತ್ತ ಬೊಬ್ಬೆ ಎದ್ದಿದ್ದವು. ಅದನ್ನು ನೋಡಿ ಅವರ ಮುಖ ಸಣ್ಣದಾಯಿತು.

“ನಾನೇ ಹಾಳ್ಮಾಡ್ದೆ ಕಣವ್ವ. ನಡಿ, ಡಾಕ್ಟ್ರ ತಾವ ಹೋಗಾಣ.”

ಚರ್ಮದ ಡಾಕ್ಟರ್ ಒಬ್ಬ ನಡುವಯಸ್ಸಿನ ಹೆಂಗಸು. ಅವರು ಬಾಯಿ ತೆರೆಯುವ ಮೊದಲೇ ಚಿಕ್ಕತಾಯಮ್ಮನವರು “ಇವ್ಳನ್ನ ಬಯ್ಬ್ಯಾಡಿ. ಬೆಳ್ಳುಳ್ಳಿ ಹಚ್ಚಿದ್ದು ನಾನು” ಎಂದು ಒಪ್ಪಿಕೊಂಡರು.

“ಬೆಳ್ಳುಳ್ಳಿ ಸಾರಿಗೆ ಹಾಕಿ, ಕೈಗೆ ಬೇಡ” ಎಂದರು ಡಾಕ್ಟರ್. ಬೊಬ್ಬೆ ಒಣಗಲು ಒಂದು, ಇಸುಬಿಗೆ ಇನ್ನೊಂದು ಮುಲಾಮು ಕೊಟ್ಟು, ಎಷ್ಟು ದಿನ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು ಎಂದು ಬಿಡಿಸಿ ಹೇಳಿದರು. ಕುದಿಯುವ ನೀರಿನ ಸ್ನಾನ ಬೇಡ, ಸೋಪು ಬೇಡ, ಪಾತ್ರೆ ತೊಳೆಯುವಾಗ ಕೈಗೆ ಗ್ಲೌಸ್ ಇರಲಿ, ಮೈ ಒರೆಸಿದ ತಕ್ಷಣ ಪಸೆ ಆರುವ ಮೊದಲು ಜಿಡ್ಡು ಹಚ್ಚಬೇಕು, ಗಾಯ ಮಾಯ್ದ ಮೇಲೆ ಮನೆಯ ಕೊಬ್ಬರಿ ಎಣ್ಣೆ ಹಚ್ಚಿ ನೋಡಬಹುದು ಎಂದರು. ಊಟದ ವಿಚಾರ ಬರುವುದನ್ನೇ ಚಿಕ್ಕತಾಯಮ್ಮನವರು ಕಾದಿದ್ದರು.

“ನಂಜಿನ ಪದಾರ್ಥ ಬಿಡಿಸ್ಬೇಕಲ್ವಾ ಡಾಕ್ಟ್ರೆ?”

“ಎಲ್ಲರಿಗೂ ಊಟದಿಂದಲೇ ಬರತ್ತೆ ಅಂತಿಲ್ಲ ಅಮ್ಮ. ಅನುಮಾನ ಇದ್ರೆ ಒಂದೊಂದೇ ಬಿಟ್ಟು ನೋಡಿ. ಎಲ್ಲಾನೂ ಒಟ್ಟಿಗೆ ಬಿಡಿಸಿ ಹುಡುಗೀನ ಉಪವಾಸ ಕೆಡವಬೇಡಿ. ತುಟಿ ಊದಿಕೊಂಡ್ರೆ, ಉಸಿರು ಕಟ್ಟಿದ್ರೆ ಮಾತ್ರ ಮನೇಲಿ ಕೂರದೆ ಓಡಿ ಬನ್ನಿ.”

ಇಷ್ಟು ಮಾತಿನಲ್ಲಿ ಚಿಕ್ಕತಾಯಮ್ಮನವರ ಕಿವಿಗೆ ಗಟ್ಟಿಯಾಗಿ ಬಿದ್ದದ್ದು “ಬಿಟ್ಟು ನೋಡಿ” ಅನ್ನುವುದು.

ಅವತ್ತಿನಿಂದ ನನ್ನ ಬಚ್ಚಲು, ಅಡುಗೆ ಎರಡೂ ಅವರ ಉಸ್ತುವಾರಿಗೆ ಬಂದವು. ಸೋಪಿನ ಜಾಗಕ್ಕೆ ಹೆಸರುಕಾಳಿನ ನುಣುಪು ಹಿಟ್ಟು ಬಂತು. ಬೆಳಿಗ್ಗೆ ಕೆಳಗಿನಿಂದಲೇ ಕೂಗುತ್ತಿದ್ದರು, “ನೀರು ಉಗುರು ಬೆಚ್ಚಗೈತಾ? ಕೈ ಹಾಕಿ ನೋಡ್ದಾ?” ಪಕ್ಕದ ಪೋರ್ಷನ್ನಿನವರಿಗೂ ನನ್ನ ಸ್ನಾನದ ನೀರಿನ ಹದ ಗೊತ್ತಾಗುತ್ತಿತ್ತು. ಎಣ್ಣೆಗೆ ಅಂಗಡಿಯ ಬಾಟಲಿ ಒಪ್ಪಲಿಲ್ಲ. ನಮ್ಮ ತೋಟದ ಕೊಬ್ಬರಿಯನ್ನೇ ಅಪ್ಪ ಗುಬ್ಬಿಯ ಗಾಣದಲ್ಲಿ ಆಡಿಸಿ ತಂದುಕೊಡುತ್ತಿದ್ದರು. ಮುಲಾಮಿನ ವಾಯಿದೆ ಮುಗಿದ ಮೇಲೆ ಸ್ನಾನವಾದ ಕೂಡಲೇ ಅದನ್ನೇ ಹಚ್ಚಿ, ಹತ್ತಿಯ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದೆ. ಒಡೆದ ಚರ್ಮ ಕೂಡಿಕೊಳ್ಳತೊಡಗಿತು. ನವೆ ಮಾತ್ರ ಪೂರ್ತಿ ಹೋಗಲಿಲ್ಲ. ಬೆರಳ ಸಂದಿಯಲ್ಲಿ ಅದು ಮತ್ತೆ ಮತ್ತೆ ಕೆಂಪಗೆ ಏಳುತ್ತಿತ್ತು.

ಅದಕ್ಕೆ ಅವರು ಮೊದಲು ಹಿಡಿದದ್ದು ಬದನೆಕಾಯಿಯನ್ನು. “ನಂಜು ಅಂದ್ರೆ ಅದೇ ಮೊದ್ಲು” ಅಂತ ಅವರ ವಾದ. ಬಿಟ್ಟೆ. ಏನೂ ವ್ಯತ್ಯಾಸವಾಗಲಿಲ್ಲ. ಡಾಕ್ಟರ್ ಹೇಳಿದ್ದರಲ್ಲ ಎಂದು ಕೆಲವು ವಾರದ ಮೇಲೆ ಬದನೆ ಎಣ್ಣೆಗಾಯಿ ಮಾಡಿ ತಂದು, ಎದುರಿಗೆ ಕೂತು, ನಾನು ತಿನ್ನುವಷ್ಟು ಹೊತ್ತೂ ನನ್ನ ಕೈಯನ್ನೇ ನೋಡಿದರು. ಕೈಗೆ ಏನೂ ಆಗಲಿಲ್ಲ. ಆಮೇಲೆ ಮೊಟ್ಟೆ, ಆಮೇಲೆ ಒಣಮೀನು, ಆಮೇಲೆ ಬೇಕರಿ ತಿಂಡಿ. ನನ್ನ ಪಥ್ಯದ ಜೊತೆ ತಾವೂ ಬಿಡುತ್ತೇನೆ ಅಂತ ಮಾತು ಕೊಟ್ಟಿದ್ದರು. ಆದರೆ ಅವರಿಗೆ ಒಣಮೀನಿನ ಆಸೆ ಬಹಳ. ಒಂದು ಮಧ್ಯಾಹ್ನ ನಾನು ಬೇಗ ಬಂದಾಗ ಕೆಳಗಿನ ಮನೆಯ ಕಿಟಕಿ ಬಾಗಿಲೆಲ್ಲ ಹಾಕಿತ್ತು, ವಾಸನೆ ಮಾತ್ರ ಮೆಟ್ಟಿಲವರೆಗೂ ಬಂದಿತ್ತು. ನಾನು ಬಾಗಿಲು ತಟ್ಟಿದೆ. ತೆರೆದವರು ಹೊದ್ದ ಟವಲಿನಿಂದ ಬಾಯಿ ಒರೆಸಿಕೊಂಡು, “ಬೆಕ್ಕು ಎಲ್ಲಿಂದ್ಲೋ ತಂದಾಕ್ಬುಡ್ತು ಕಣೇ” ಅಂದರು. ಇಬ್ಬರೂ ನಕ್ಕೆವು. ಆಮೇಲೆ ಆ ಮಾತು ಬಿಟ್ಟೆವು.

ಬದನೆಯಾಯಿತು, ಮೀನಾಯಿತು. ಯಾವುದೂ ಕಾರಣವಲ್ಲ ಅಂತ ಆದಾಗ ಅವರಿಗೆ ಬೇಸರವಾಗುತ್ತಿತ್ತು. ಅಂಥ ದಿನ ನನ್ನನ್ನು ಸಮಾಧಾನ ಮಾಡಲು ತಮ್ಮ ಚಟ್ನಿಪುಡಿ ತಂದುಕೊಡುತ್ತಿದ್ದರು. ಕಡಲೆಕಾಯಿ ಬೀಜ ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ. ಬೀದಿಯಲ್ಲಿ ಅದಕ್ಕೆ ಹೆಸರಿತ್ತು. ಬಾಡಿಗೆದಾರರಿಗೆಲ್ಲ ಒಂದೊಂದು ಬಾಟಲಿ ಖಾಯಂ. ಪಥ್ಯದ ಸಪ್ಪೆ ಊಟಕ್ಕೆ ನನಗಿದ್ದ ಆಸರೆ ಅದೊಂದೇ. ಚಪಾತಿಗೂ ಅದೇ, ಮೊಸರನ್ನಕ್ಕೂ ಅದೇ.

ಬೇಸಿಗೆಯ ಹೊತ್ತಿಗೆ ಕುಣಿಗಲ್‌ನ ಅಕ್ಕನಿಗೆ ಮಂಡಿ ಆಪರೇಷನ್ ಆಯಿತು. ನೋಡಿಕೊಳ್ಳಲು ಚಿಕ್ಕತಾಯಮ್ಮನವರು ಹೋದರು. ಹೋದವರು ದಿನಕ್ಕೊಂದು ಸಲ ಫೋನ್ ಮಾಡಿ ನೀರಿನ ಹದ ಕೇಳುತ್ತಿದ್ದರು. ಅಷ್ಟರಲ್ಲಿ ಬಾಟಲಿ ಖಾಲಿಯಾಯಿತು. ಅವರು ಅಲ್ಲಿರುವಷ್ಟು ದಿನ ನಾನು ಸೊಪ್ಪಿನ ಸಾರು, ಮುದ್ದೆ, ಅನ್ನ, ಮಜ್ಜಿಗೆಯಲ್ಲಿ ಕಳೆದೆ. ಒಂದು ದಿನ ಕ್ಯಾಲೆಂಡರ್ ತಿರುವಲು ಕೈ ಎತ್ತಿದಾಗ ಗಮನಿಸಿದೆ, ಬೆರಳ ಸಂದಿಗಳು ತಿಳಿಯಾಗಿದ್ದವು. ಮುಟ್ಟಿ ನೋಡಿದೆ. ಚರ್ಮ ಒರಟಾಗಿತ್ತು, ಆದರೆ ಕೆಂಪಿರಲಿಲ್ಲ, ನವೆಯಿರಲಿಲ್ಲ. ಎಷ್ಟು ದಿನದಿಂದ ಹೀಗಿದೆ ಅಂತ ನನಗೇ ಗೊತ್ತಿರಲಿಲ್ಲ.

ವಾಪಸ್ ಬಂದವರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ ಹಿಗ್ಗಿದರು. ಎಣ್ಣೆಯಿಂದ ಅಂದರು, ಹೆಸರುಹಿಟ್ಟಿನಿಂದ ಅಂದರು. ಆ ಖುಷಿಯಲ್ಲೇ ಕಡಲೆಬೀಜ ಹುರಿದು ಹೊಸದಾಗಿ ಪುಡಿ ಕುಟ್ಟಿ ತುಂಬಿದ ಬಾಟಲಿ ಕೊಟ್ಟರು. ನಾನೂ ಬಹಳ ದಿನದ ಮೇಲೆ ಅಂತ ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಕಲಸಿ ತಿಂದೆ. ವಾರ ಕಳೆಯುವುದರೊಳಗೆ ನವೆ ಮರಳಿತು.

ಅದನ್ನು ಮೊದಲು ಕಂಡವರು ಅವರೇ. ಎಣ್ಣೆ ಹಚ್ಚುತ್ತಿದ್ದಾಗ ತಲೆ ತಿರುಗಿಸಿ ನನ್ನ ಬೆರಳು ನೋಡಿದರು. ತಾವು ಊರಲ್ಲಿ ಇಲ್ಲದಾಗ ಏನೇನು ತಿಂದೆ ಅಂತ ಕೇಳಿದರು, ಬಂದ ಮೇಲೆ ಏನೇನು ತಿಂದೆ ಅಂತ ಕೇಳಿದರು. ಹೇಳುತ್ತ ಹೇಳುತ್ತ ನನಗೂ ಹೊಳೆಯಿತು.

“ಅಂದ್ರೆ ಇಷ್ಟ್ ದಿನ ನಾನೇ ಹಾಕ್ತಿದ್ದೆ ಅನ್ನು” ಅಂದರು.

“ನಿಮಗೇನ್ ಗೊತ್ತಿತ್ತಮ್ಮ?” ಅಂದೆ. ಆಂಟಿ ಅನ್ನುವುದು ಅವತ್ತು ಬಾಯಿಂದ ಬಿಟ್ಟುಹೋಯಿತು, ಮತ್ತೆ ಬರಲಿಲ್ಲ.

“ಬದ್ನೇಕಾಯಿನ ಬೈದೆ. ಮೊಟ್ಟೇನ ಬೈದೆ. ನನ್ ಕೈಲಿರೋದ್ನ ನೋಡ್ಲಿಲ್ಲ.” ಎದ್ದು ಮೇಲೆ ಹೋಗಿ ನನ್ನ ಅಡುಗೆಮನೆಯಿಂದ ಆ ಬಾಟಲಿ ತೆಗೆದುಕೊಂಡು ಇಳಿದು ಹೋದರು. ಆ ಸಂಜೆ ಗೇಟಿನ ಹತ್ತಿರ ಬರಲಿಲ್ಲ.

ಮಾರನೆಯ ದಿನ ನನ್ನನ್ನು ಹೊರಡಿಸಿಕೊಂಡು ಡಾಕ್ಟರ ಬಳಿ ಹೋಗಿ, “ಅದು ನನ್ ಚಟ್ನಿಪುಡಿ ಡಾಕ್ಟ್ರೆ” ಎಂದು ವರದಿ ಒಪ್ಪಿಸಿದರು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ನಿಮ್ಮ ಅನುಮಾನ ಸರಿಯಿದ್ದ ಹಾಗಿದೆ, ಕಡಲೆಕಾಯಿ ಬೀಜ ಬಿಟ್ಟುಬಿಡಿ ಎಂದರು. ಆದರೂ ಇಸುಬು ಪೂರ್ತಿ ಅದೊಂದರಿಂದಲೇ ಅಲ್ಲ, ಸೋಪು ಬಿಟ್ಟದ್ದು, ಜಿಡ್ಡು ಹಚ್ಚಿದ್ದು, ಮುಲಾಮನ್ನು ಕ್ರಮವಾಗಿ ಹಚ್ಚಿದ್ದು ಎಲ್ಲ ಸೇರಿ ಗುಣವಾಗಿದೆ, ಅವನ್ನು ನಿಲ್ಲಿಸಬೇಡಿ ಎಂದೂ ಹೇಳಿದರು. ಚಿಕ್ಕತಾಯಮ್ಮನವರು ಅಲ್ಲಿ ತಲೆಯಾಡಿಸಿ, ಹೊರಗೆ ಬಂದು, “ಆ ಮುಲಾಮಿಗೆ ಅಷ್ಟೊಂದು ಮರ್ಯಾದೆ ಕೊಡ್ಬಾರ್ದು ಕಣೇ” ಅಂದರು. ಬೀದಿಗೆಲ್ಲ ತಮ್ಮ ಚಟ್ನಿಪುಡಿಯ ಕಥೆ ಹೇಳಿದರು. ಅದರಲ್ಲಿ ತಪ್ಪೂ ಅವರದೇ, ಕಂಡುಹಿಡಿದ ಜಾಣತನವೂ ಅವರದೇ. ಎರಡನ್ನೂ ಒಂದೇ ಹೆಮ್ಮೆಯಿಂದ ಹೇಳುತ್ತಿದ್ದರು. ಆಮೇಲೆ ಅವರ ಒರಳಿಗೆ ಹುಚ್ಚೆಳ್ಳು ಬಿತ್ತು. ಹುಚ್ಚೆಳ್ಳಿನ ಪುಡಿಯನ್ನು ಮೊದಲ ಸಲ ಕೊಟ್ಟಾಗ ಒಂದು ಚಿಟಿಕೆ ತಿನ್ನಿಸಿ, ಎರಡು ದಿನ ಕಾದು, ಆಮೇಲಷ್ಟೇ ಬಾಟಲಿ ಬಿಟ್ಟುಕೊಟ್ಟರು.

ಜೂನ್‌ನಲ್ಲಿ ಶಾಲೆ ತೆರೆದಾಗ ಹೆಡ್ ಮೇಡಂ ನನ್ನ ಕೈ ನೋಡಿ, ಹಾಜರಿ ಪುಸ್ತಕ ಕೊಟ್ಟು ಕ್ಲಾಸಿಗೆ ಕಳಿಸಿದರು. ಇಸುಬು ಪೂರ್ತಿ ಹೋಯಿತು ಅಂತ ಹೇಳಲಾರೆ. ಚಳಿಗಾಲದಲ್ಲಿ ಈಗಲೂ ಮೊಣಕೈ ಮಡಿಕೆಯಲ್ಲಿ ಇಣುಕುತ್ತದೆ. ಅದರ ಜೊತೆ ಬದುಕುವುದು ಗೊತ್ತಾಗಿದೆ, ಅಷ್ಟೇ.

ಮದುವೆಯಾಗಿ ಗುಬ್ಬಿಗೆ ಬಂದೆ. ಮಗ ಹುಟ್ಟಿ ಕೆಲವು ತಿಂಗಳಿಗೆ ಅವನ ಕೆನ್ನೆ ಕೆಂಪಾಗಿ ಒರಟಾಯಿತು. ನೋಡಿದ ಕ್ಷಣವೇ ಅದೇನೆಂದು ನನಗೆ ಗೊತ್ತಾಯಿತು. ಡಾಕ್ಟರ ಬಳಿ ಹೋಗುವ ಮೊದಲು ಚಿಕ್ಕತಾಯಮ್ಮನವರಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಮಾರನೆಯ ದಿನ ಬಸ್ಸು ಹತ್ತಿ ಬಂದರು. ಆಗಲೇ ಮೈ ಇಳಿದಿತ್ತು, ಬಾಗಿಲ ಮೆಟ್ಟಿಲು ಹತ್ತಿ ಸುಧಾರಿಸಿಕೊಳ್ಳಲು ನಿಂತರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೆನ್ನೆ, ಕುತ್ತಿಗೆ, ಮಂಡಿಯ ಹಿಂದೆ ಎಲ್ಲ ನೋಡಿದರು. ನಾನು ಆಗಲೇ ಮನೆಯಲ್ಲಿ ಅದು ಬೇಡ ಇದು ಬೇಡ ಅಂತ ಅರ್ಧ ಅಡುಗೆ ನಿಲ್ಲಿಸಿದ್ದೆ. ಮಗುವಿಗೆ ಮುಂದೆ ಏನೇನು ಕೊಡಬಾರದು ಅಂತ ಒಂದೇ ಸಮನೆ ಹೇಳುತ್ತಿದ್ದೆ.

“ಈಗ್ಲೇ ಪಥ್ಯ ಹಾಕ್ಬ್ಯಾಡ” ಅಂದರು. “ನಿಂಗಾಗ್ದಿದ್ದು ಅವನ್ಗೂ ಆಗಲ್ಲ ಅಂತ ಯಾರಂದ್ರು? ಅವನ್ ಮೈ ಅವಂದು. ಡಾಕ್ಟ್ರ ಕೇಳ್ಕಂಡು ಎಲ್ಲಾ ತಿನ್ನಿಸು. ನೋಡ್ತಾ ಇರು, ಅಷ್ಟೇಯ.”

“ನನ್ನಿಂದಲೇ ಬಂತು ಅಲ್ವಾಮ್ಮ?”

“ಬಣ್ಣ ನಿಂದು, ಮೂಗು ಅವ್ರಪ್ಪಂದು, ಇದೂ ಒಂದು ಬಂತು. ಅಳ್ತಾ ಕೂತ್ರೆ ಮಗ ಏನಂದ್ಕತಾನೆ? ಎದ್ದು ಕಾಫಿ ಕಾಯ್ಸು.”

ಸಂಜೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬಂದೆ. ಮತ್ತೆ ನಾನು ಅವರನ್ನು ನೋಡಲಿಲ್ಲ. ಮುಂದಿನ ವರ್ಷ ಕುಣಿಗಲ್‌ನಲ್ಲಿ ಅಕ್ಕನ ಮನೆಯಲ್ಲಿದ್ದಾಗ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಗನಿಗೆ ಜ್ವರವಿದ್ದುದರಿಂದ ಮಣ್ಣಿಗೆ ಹೋಗಲಾಗಲಿಲ್ಲ. ತಿಥಿಗೆ ಹೋದೆ.

ಶಾಮಿಯಾನದ ಕೆಳಗೆ ಬಂಧುಗಳು ಒಂದು ಕಡೆ ಕೂತಿದ್ದರು. ಇನ್ನೊಂದು ಕಡೆ ನನ್ನ ಹಾಗೆ ಯಾರ ಪರಿಚಯವೂ ಇಲ್ಲದೆ ಕೂತವರು ಸಾಕಷ್ಟು ಜನ ಇದ್ದರು. ಪಕ್ಕದ ಕುರ್ಚಿಯ ಹೆಂಗಸನ್ನು, ನೀವು ಅವರಿಗೆ ಏನಾಗಬೇಕು ಅಂತ ಕೇಳಿದೆ.

“ಏನೂ ಇಲ್ಲ. ಮೇಲಿನ ಮನೇಲಿ ಬಾಡಿಗೆಗಿದ್ವಿ, ಬಹಳ ಹಿಂದೆ. ನಮ್ಮೆಜಮಾನ್ರಿಗೆ ಅಲ್ಸರ್ ಇತ್ತು. ಅವ್ರು ನೋಡ್ಕೊಂಡಂಗೆ ನಮ್ಮತ್ತೇನೂ ನೋಡ್ಕೊಳ್ಳಲಿಲ್ಲ” ಅಂದಳು.

ಹಿಂದಿನ ಸಾಲಿನಿಂದ ಒಬ್ಬ ಮುಂದೆ ಬಗ್ಗಿ, ತಾನೂ ಆ ಮನೆಯಲ್ಲೇ ಇದ್ದವನು ಅಂದ. ಅವನ ಹೆಂಡತಿಗೆ ಬಾಣಂತನ ಮಾಡಿದವರು ಅವರೇ ಅಂತೆ. ಪಕ್ಕದ ಪೋರ್ಷನ್ನಿನಲ್ಲಿ ನನಗಿಂತ ಮೊದಲು ಇದ್ದ ಒಬ್ಬ ಲೆಕ್ಚರರ್ ಬಂದಿದ್ದರು. ಅವರ ಅರೆತಲೆನೋವಿಗೆ ಕಾಫಿ ಬಿಡಿಸಿದ ಕಥೆ ಹೇಳಿದರು. ಹೇಳುವಾಗ ಪ್ರತಿಯೊಬ್ಬರೂ “ನಮ್ಮಮ್ಮ” ಅನ್ನುತ್ತಿದ್ದರು. ಚಿಕ್ಕತಾಯಮ್ಮನವರು ತನ್ನನ್ನು ಕಂಡ ಹಾಗೆ ಬೇರೆ ಯಾರನ್ನೂ ಕಾಣುತ್ತಿರಲಿಲ್ಲ ಎಂದು ಪ್ರತಿಯೊಬ್ಬರಿಗೂ ನಂಬಿಕೆ ಇತ್ತು.

ನೀವು, ಎಂದು ಅವರು ನನ್ನನ್ನು ಕೇಳಿದರು. ನಾನೂ ಬಾಡಿಗೆಗಿದ್ದೆ ಅಂದೆ. ಅವರನ್ನು ಅಮ್ಮ ಅನ್ನುವವಳು ನಾನೊಬ್ಬಳೇ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ದೊಡ್ಡತಾಯಮ್ಮನವರು ಊಟಕ್ಕೆ ಏಳಿ ಅಂತ ಕರೆದಾಗ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಎಲೆಗೆ ಬಡಿಸುತ್ತಿದ್ದರು. ಅಷ್ಟು ಜನ ಬಂದಿದ್ದಕ್ಕೆ ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಅದರ ಜೊತೆಗೇ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.